ಊರಿಗೆ ಮರಳಿದ ಮೇಲೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಉತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಚಾಲಕರು ಕೇಳಿದಾಗ, ಪಂಪರನ್ನರ ವಿಚಾರವನ್ನು ಇನ್ನೊಂದು ದಿನಕ್ಕೆ ಬಿಟ್ಟು, ನಮ್ಮ ಓಣಿಗಳಲ್ಲಿ ಕಣ್ಣಿಗೆ ಬೀಳುತ್ತಿರುವ ಸಂಗತಿಯೊಂದನ್ನೇ ಆರಿಸಿಕೊಂಡೆವು. ಹತ್ತು ಹದಿನೈದು ವರ್ಷ ಪುಣೆ, ಮುಂಬಯಿ, ಸೊಲ್ಲಾಪುರ, ಹೈದರಾಬಾದುಗಳಲ್ಲಿ ಬಾಳಿದ ಕುಟುಂಬಗಳು ಮಕ್ಕಳುಮರಿಗಳೊಡನೆ ಊರಿಗೆ ಮರಳುತ್ತಿರುವುದನ್ನು ತಾವೆಲ್ಲರೂ ಬಲ್ಲಿರಿ. ಕೆಲವರಿಗೆ ಮುಪ್ಪಿನ ತಾಯಿತಂದೆಗಳ ಚಿಂತೆ, ಕೆಲವರಿಗೆ ಹೊಲದ ಚಿಂತೆ. 2020ರ ಸಾಂಕ್ರಾಮಿಕ ಬೇನೆಯ ಕಾಲದಲ್ಲಿ ಕೆಲಸ ನಿಂತು ಬಂದವರೂ ಉಂಟು. ಹೀಗೆ ಬಂದವರು ಇಲ್ಲಿ ನಿಜವಾಗಿ ನೆಲೆಸುವುದು ಹೇಗೆ ಎಂಬುದೇ ಇಂದಿನ ವಿಷಯ.

ತನ್ನ ಊರಿಗೆ ತಾನು ಬರುವುದರಲ್ಲಿ ಕಷ್ಟವೇನು ಎಂದು ಯಾರಾದರೂ ಕೇಳಬಹುದು. ನಮಗೆ ತೋರುವ ಮಟ್ಟಿಗೆ, ಹೊಸ ಊರಿಗೆ ಹೋಗುವುದಕ್ಕಿಂತಲೂ ಇದೇ ಕಠಿಣವಾದುದು. ಹೊಸ ಊರಿಗೆ ಹೋದವನು ದಾರಿ ಕೇಳುತ್ತಾನೆ, ಕೇಳಿದರೆ ಯಾರೂ ನಗುವುದಿಲ್ಲ. ಹಳೆಯ ಊರಿಗೆ ಬಂದವನಿಗಾದರೋ ಕೇಳಲು ಸಂಕೋಚ. ಎಲ್ಲವೂ ತನಗೆ ಗೊತ್ತೆಂಬ ಭಾವನೆ ಬೇರೆ. ಶ್ರೀರಾಮನು ಹದಿನಾಲ್ಕು ವರ್ಷದ ಮೇಲೆ ಅಯೋಧ್ಯೆಗೆ ಬಂದು ಪಟ್ಟವೇರಿದಲ್ಲಿಗೆ ನಾವು ಪುರಾಣವನ್ನು ಮಂಗಳ ಹಾಡಿ ಮುಗಿಸುತ್ತೇವೆ. ಆದರೆ ಆಮೇಲೆ ಉತ್ತರಕಾಂಡವೊಂದಿದೆಯಷ್ಟೆ! ಮರಳಿದ ಊರಿನಲ್ಲಿ ಬಾಳುವುದು ಅರಣ್ಯದಲ್ಲಿ ಬಾಳಿದುದಕ್ಕಿಂತ ಸುಲಭವಾಗಲಿಲ್ಲವೆಂಬುದನ್ನು ಆ ಕಾಂಡವೇ ಹೇಳುತ್ತದೆ.

ಊರು ಯಾರಿಗಾಗಿಯೂ ಕಾದು ಕುಳಿತಿರುವುದಿಲ್ಲ. ನಮ್ಮ ಸೀಮೆಯಂತೂ ಮೊದಲೇ ಇಲ್ಲ. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಈ ಭಾಗದ ಎಷ್ಟೋ ಮನೆತನಗಳು ನಿಜಾಮರ ಗಡಿ ದಾಟಿ ಸೊಲ್ಲಾಪುರದ ಕಡೆಗೆ ಹೋದವು. 1948ರ ಸಪ್ಟೆಂಬರ 17ರಂದು ನಿಜಾಮರು ಶರಣಾದ ಮೇಲೆ ಅವು ಮರಳಿದವು. ಅವರು ಮನೆಯ ಬಾಗಿಲು ತೆರೆದು ಎಂಟು ವರ್ಷವಾಗುವಷ್ಟರಲ್ಲಿಯೇ, 1956ರ ನವಂಬರ 1ರಂದು, ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ಬೀದರ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಮರಾಠವಾಡದೊಡನೆ ಮುಂಬಯಿ ರಾಜ್ಯಕ್ಕೆ ಸೇರಿ ಉಸ್ಮಾನಾಬಾದ ಜಿಲ್ಲೆಯಲ್ಲಿ ಬಂದವು. 1960ರ ಮೇ 1ರಂದು ಮಹಾರಾಷ್ಟ್ರವಾಯಿತು. 1982ರಲ್ಲಿ ಲಾತೂರು ಬೇರೆ ಜಿಲ್ಲೆಯಾಯಿತು. 2023ರಲ್ಲಿ ಉಸ್ಮಾನಾಬಾದವು ಧಾರಾಶಿವವಾಯಿತು. ಉದಗೀರದಲ್ಲಿ ಹುಟ್ಟಿ, ಒಂದು ದಿನವೂ ಊರು ಬಿಡದೆ ಮುದುಕನಾದವನ ಕಾಗದಪತ್ರಗಳಲ್ಲಿಯೇ ಮೂರು ಜಿಲ್ಲೆಗಳೂ ಮೂರು ರಾಜ್ಯಗಳೂ ಕಾಣುವವು. ಬಿಟ್ಟು ಹೋದವನು ಬಂದು, ಎಲ್ಲವೂ ಹಾಗೆಯೇ ಇರಬೇಕೆಂದರೆ ಹೇಗೆ ಸಾಧ್ಯ?

ಇದಕ್ಕಿಂತ ದಾರುಣವಾದ ನಿದರ್ಶನವೂ ನಮ್ಮಲ್ಲಿಯೇ ಇದೆ. 1993ರ ಸಪ್ಟೆಂಬರ 30ರ ಬೆಳಗಿನ ಜಾವದ ಭೂಕಂಪವನ್ನು ಈ ಸೀಮೆ ಮರೆಯಲಾರದು. ಔಸಾ ತಾಲೂಕಿನ ಕಿಲ್ಲಾರಿ, ಆಗ ನಮ್ಮ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು ಮೊದಲಾದ ಊರುಗಳಲ್ಲಿ ಸಾವಿರಾರು ಜನ ಮಲಗಿದಲ್ಲಿಯೇ ಮಡಿದರು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ತೊಲೆಗಳ ಮೇಲೆ ವರ್ಷವರ್ಷವೂ ಮಣ್ಣು ಹೇರಿದ ಮಾಳಿಗೆ: ಬಿಸಿಲಿಗೆ ತಂಪನ್ನೀಯುತ್ತಿದ್ದ ಮನೆಗಳೇ ಅಂದು ಮೈಮೇಲೆ ಬಿದ್ದವು. ಆಮೇಲೆ ಐವತ್ತರಷ್ಟು ಹಳ್ಳಿಗಳನ್ನು ಹೊಸ ಜಾಗಗಳಲ್ಲಿ ಕಟ್ಟಿದರು. ಅಗಲವಾದ ನೇರ ರಸ್ತೆಗಳು ಬಂದವು, ಗಟ್ಟಿಯಾದ ಮನೆಗಳೂ ಬಂದವು. ಹೊಲದ ಅಳತೆಯ ಮೇಲೆ 250, 400, 750 ಚದರಡಿಗಳ ಮನೆಗಳನ್ನು ಹಂಚಿದುದರಿಂದ, ತಲೆಮಾರುಗಳಿಂದ ಗೋಡೆಗೆ ಗೋಡೆ ಹಚ್ಚಿ ಬಾಳಿದ ನೆರೆಯವರು ಊರಿನ ಬೇರೆ ಬೇರೆ ಮೂಲೆಗಳಿಗೆ ಹೋದರು. ಊರಿನ ಹೆಸರು ಉಳಿಯಿತು, ಓಣಿ ಉಳಿಯಲಿಲ್ಲ. ಜೀವ ಉಳಿಸುವ ಮನೆ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರೆಂದರೆ ಮನೆಗಳಷ್ಟೇ ಅಲ್ಲ, ಕಟ್ಟೆಯ ಮೇಲೆ ಕುಳಿತು ಒಬ್ಬರೊಡನೊಬ್ಬರು ಆಡುವ ಮಾತೂ ಊರೇ ಎಂಬುದನ್ನು ಆ ಜನ ಕಂಡುಕೊಂಡರು.

ಈಗ ಮರಳಿ ಬಂದವರ ಮನೆಯೊಳಗೆ ಇಣಿಕಿ ನೋಡೋಣ. ಅಪ್ಪನು ಚಾವಡಿಗೆ ಅಲೆದು ಸಾತಬಾರಾ ಉತಾರದಲ್ಲಿ ಹೆಸರು ಹಚ್ಚಿಸುತ್ತಾನೆ. ರೇಶನ್ ಕಾರ್ಡು, ವಿದ್ಯುತ್ತಿನ ಮೀಟರು ಎಲ್ಲವೂ ತಡವಾಗಿಯಾದರೂ ಆಗುತ್ತವೆ. ಜೋಳ ಬಿತ್ತುತ್ತಿದ್ದ ಹೊಲದಲ್ಲಿ ಸೋಯಾಬೀನು ಬೆಳೆದುದನ್ನು ಕಂಡು ಅದನ್ನೂ ಕಲಿಯುತ್ತಾನೆ. ಆದರೆ ಪಡಸಾಲೆಯಲ್ಲಿ ಮುತ್ಯಾ ಮತ್ತು ಮೊಮ್ಮಗ ಎದುರುಬದುರು ಕುಳಿತಿದ್ದಾರೆ. “ಉಂಡ್ಯೇನಪಾ?” ಎಂದು ಮುತ್ಯಾ ಕೇಳುತ್ತಾನೆ. ಮಗು ತಾಯಿಯ ಮುಖವನ್ನು ನೋಡುತ್ತದೆ. ಅದು ಅರಿತುದು ಪೇಟೆಯ ಮರಾಠಿ, ಶಾಲೆಯ ಇಂಗ್ಲಿಷು. ಒಂದೇ ರಕ್ತದವರ ನಡುವೆ ದುಭಾಷಿ ಬೇಕಾಯಿತೆಂದರೆ, ಆ ಮನೆ ಊರಿಗೆ ಇನ್ನೂ ಪೂರ್ತಿ ಬಂದಿಲ್ಲವೆಂದೇ ನಾವು ಭಾವಿಸುತ್ತೇವೆ. ಮುತ್ಯಾನಿಗೆ ಕಾಯಲು ವರ್ಷಗಳು ಬಹಳ ಉಳಿದಿಲ್ಲ. ಈ ಕೆಲಸವನ್ನು ಮುಂದೂಡಬಾರದು.

ಇಲ್ಲಿ ತಾಯಿತಂದೆಗಳ ಅಂಜಿಕೆಯನ್ನು ನಾವು ಅಲ್ಲಗಳೆಯುವುದಿಲ್ಲ. ಕನ್ನಡ ಶಾಲೆಗೆ ಹಾಕಿದರೆ ಮರಾಠಿ ತಪ್ಪೀತು, ಈ ರಾಜ್ಯದಲ್ಲಿ ಹೊಟ್ಟೆ ಹೊರೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಸಂಗತಿ ಹೀಗಿದೆ: 2020ರ ಕಾಯಿದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಹತ್ತನೆಯ ಇಯತ್ತೆಯವರೆಗೆ ಮರಾಠಿ ಕಡ್ಡಾಯ. ಕನ್ನಡ ಮಾಧ್ಯಮದ ಮಗು ಮರಾಠಿಯನ್ನೂ ಇಂಗ್ಲಿಷನ್ನೂ ಕಲಿಯುತ್ತದೆ. 1967ರಲ್ಲಿ ಸ್ಥಾಪನೆಯಾದ ಪುಣೆಯ ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಹತ್ತನೆಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವುಂಟು. ಪ್ರಾಥಮಿಕ ಶಿಕ್ಷಣವು ತಾಯ್ನುಡಿಯಲ್ಲಿ ದೊರೆಯಬೇಕೆಂದು ಸಂವಿಧಾನದ 350ಅ ಕಲಮು ಅಲ್ಪಸಂಖ್ಯಾತ ಭಾಷಿಕರಿಗೆ ಆಸರೆಯಾಗಿದೆ. ಅದು 1956ರಲ್ಲಿ, ನಮ್ಮ ಗಡಿಗಳು ಬದಲಾದ ವರ್ಷದಲ್ಲಿಯೇ ಬಂದುದು. ಹಳೆಯ ಶಾಲೆಯ ದಾಖಲೆ ಬರಲು ತಡವಾಯಿತೆಂದು 6ರಿಂದ 14 ವರ್ಷದ ಮಗುವಿನ ಪ್ರವೇಶವನ್ನು ಸರಕಾರಿ ಅಥವಾ ಅನುದಾನಿತ ಶಾಲೆಯು ನಿರಾಕರಿಸಲಾಗದೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಹೇಳುತ್ತದೆ.

ಹಾಗೆಂದು ಐದಾರನೆಯ ಇಯತ್ತೆಯಲ್ಲಿ ಬೇರೆ ಮಾಧ್ಯಮದಲ್ಲಿರುವ ಮಗುವನ್ನು ಒಮ್ಮೆಲೆ ಎತ್ತಿ ತನ್ನಿರೆಂದು ನಾವು ಹೇಳುವುದಿಲ್ಲ. ಶಾಲೆಗೆ ಹೊಸದಾಗಿ ಸೇರುವ ಮಗುವನ್ನು ಕನ್ನಡ ಶಾಲೆಗೆ ತನ್ನಿರಿ. ದೊಡ್ಡ ಮಗುವಿಗೆ ಮನೆಯಲ್ಲಿ ದಿನಕ್ಕೆ ಅರ್ಧ ತಾಸು ಕನ್ನಡ ಅಕ್ಷರ ತಿದ್ದಿಸಿರಿ. ಮಿಕ್ಕುದನ್ನು ಮುತ್ಯಾ ಮತ್ತು ಆಯಿ ತಾವೇ ಕಲಿಸುವರು. ಮರಾಠಿಯು ನಮ್ಮ ನೆರೆಮನೆಯ ಮಾತು. ಅದರ ಮೇಲೆ ನಮಗೆ ಮುನಿಸಿಲ್ಲ. ಎರಡು ಮಾತು ಬಲ್ಲ ಮಗುವಿಗೆ ಎರಡು ಮನೆಗಳಲ್ಲಿ ಸಲಿಗೆ.

ಇನ್ನು ಊರಲ್ಲಿಯೇ ಉಳಿದ ನಮಗೂ ಒಂದು ಮಾತು. ಬಂದ ಮಗು “ನಾನು ಬಂದಿ” ಎಂದು ತೊದಲಿದರೆ ನಗಬೇಡಿರಿ. ಒಂದು ಸಲ ನಗೆಗೀಡಾದ ಮಗು ಮತ್ತೆ ಆ ಮಾತಿನಲ್ಲಿ ಬಾಯಿ ತೆರೆಯದು. ತರಗತಿಯಲ್ಲಿ ಇದನ್ನು ನಾವು ದಿನವೂ ಕಾಣುತ್ತೇವೆ. “ಪಟ್ಟಣದವರು ಬಂದರು” ಎಂದು ಹಂಗಿಸುವುದೂ ಬೇಡ. “ಬರ್ರಿ, ಚಾ ಕುಡೀರಿ” ಎಂದು ಕರೆಯಿರಿ. ಕೇಳಲು ಸಂಕೋಚಪಡುವವನಿಗೆ ಕೇಳುವ ಮೊದಲೇ ಹೇಳಿಕೊಡುವುದು ಉಳಿದವರ ಧರ್ಮ.

ಇದಕ್ಕೊಂದು ಒಳ್ಳೆಯ ದಿನ ನಮ್ಮ ಸೀಮೆಯಲ್ಲಿ ತಾನಾಗಿಯೇ ಬರುತ್ತದೆ. ಎಳ್ಳಮಾವಾಸ್ಯೆಯಂದು ಉಮರ್ಗಾ, ನಿಲಂಗಾ, ಉದಗೀರಗಳ ಪೇಟೆಗಳು ಬರಿದಾಗಿ ಹೊಲಗಳು ತುಂಬುತ್ತವೆ. ಜೋಳದ ದಂಟಿನ ಗುಡಿಸಲಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಭಜ್ಜಿ ಅಂಬಲಿಗಳನ್ನು ಎಲ್ಲರೂ ಕೂಡಿ ಉಣ್ಣುತ್ತಾರೆ. ಮರಾಠಿ ಬಂಧುಗಳೂ ಈ ಹಬ್ಬವನ್ನು ಮಾಡುತ್ತಾರೆ. ಅವರು ಇದನ್ನು ವೇಳಾ ಅಮಾವಾಸ್ಯೆ ಎನ್ನುತ್ತಾರೆ. ಪಾಂಡವರಾದರೂ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಕಳೆದು ಮರಳಿದವರೇ ಅಲ್ಲವೆ? ಆ ದಿನ ಹೊಸದಾಗಿ ಮರಳಿ ಬಂದ ಒಂದೊಂದು ಮನೆಯವರನ್ನು ತಮ್ಮ ತಮ್ಮ ಹೊಲಕ್ಕೆ ಕರೆಯಿರಿ. ಮಕ್ಕಳು ಬೆಳೆಯ ಹೆಸರು, ಅಡಿಗೆಯ ಹೆಸರು, ಬಂಧುಗಳ ಹೆಸರುಗಳನ್ನು ಕನ್ನಡದಲ್ಲಿ ಕೇಳಲಿ. ಜೂನ್ ತಿಂಗಳು ಬಂದೊಡನೆ, ಅಂಥ ಮನೆಗಳಿಗೆ ಸಂಘದ ಇಬ್ಬರು ಹೋಗಿ ಶಾಲೆಯ ವಿಷಯವನ್ನು ತಿಳಿಸಿ ಬರುವಂತೆ ಚಾಲಕರು ಏರ್ಪಡಿಸಬೇಕೆಂದು ಬೇಡುತ್ತೇವೆ.