ಮುದ್ದಿಗೆ ತಂದ ಮಾಂಸದ ಕೋಳಿ



ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೋ ಕೃಷ್ಣರಾಜಪುರದ ಸಂತೆಗೋ ಮಗುವನ್ನು ಕರೆದುಕೊಂಡು ಹೋದರೆ ಒಮ್ಮೊಮ್ಮೆ ಬರಿಗೈಲಿ ಬರುವ ಹಾಗಿಲ್ಲ. ಬುಟ್ಟಿಯಲ್ಲಿ ಚಿಯ್ ಚಿಯ್ ಎನ್ನುವ ಮರಿಗಳನ್ನು ಕಂಡು ಮಗು ಅಲ್ಲೇ ನಿಂತುಬಿಡುತ್ತದೆ. ಎರಡು ಮರಿ ಮನೆಗೆ ಬರುತ್ತವೆ. ಮಂಡೂರು, ಬಿದರಹಳ್ಳಿ ಕಡೆ ಹಿತ್ತಿಲಿದೆ, ಹಲಸೂರಿನ ಓಣಿಯಲ್ಲಿ ಬಚ್ಚಲ ಪಕ್ಕದ ಮೂಲೆಯಿದೆ, ಇಂದಿರಾನಗರದಲ್ಲಿ ತಾರಸಿಯಿದೆ. ಎಲ್ಲಾದರೂ ಬೆಳೆಯುತ್ತವೆ. ಹೆಸರಿಡುತ್ತಾರೆ, ಕೈಯಲ್ಲೇ ತಿನ್ನಿಸುತ್ತಾರೆ. ಎರಡು ತಿಂಗಳು ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಆ ಕೋಳಿ ಕೊಕ್ಕು ತೆರೆದು ಏದುಸಿರು ಬಿಟ್ಟು ಬಿದ್ದುಬಿಡುತ್ತದೆ. ಮಗು ಅಳುತ್ತದೆ, ಅಜ್ಜಿ ದೃಷ್ಟಿಯಾಯಿತು ಅನ್ನುತ್ತಾರೆ. ದೃಷ್ಟಿಯೂ ಅಲ್ಲ, ಅನೇಕ ವೇಳೆ ರೋಗವೂ ಅಲ್ಲ. ನಾವು ಪ್ರೀತಿಯಿಂದ ಹಾಕಿದ ಮೇವೇ ಅದನ್ನು ಕೆಡವಿರುತ್ತದೆ. ಇವತ್ತು ಅದರ ವಿಚಾರ ಹೇಳುತ್ತೇನೆ.

ತಂದ ಮರಿ ಯಾವ ಜಾತಿಯದು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳು ಹೆಚ್ಚಾಗಿ ಮೊಟ್ಟೆ ತಳಿಯ ಗಂಡುಮರಿಗಳು. ಮೊಟ್ಟೆಯಿಡದ ಗಂಡು ಮರಿಕೇಂದ್ರದವರಿಗೆ ಬೇಡವಾದ್ದರಿಂದ ಅಗ್ಗಕ್ಕೆ ಹೊರಗೆ ಬರುತ್ತವೆ. ಬದುಕಿಕೊಂಡರೆ ಸಣಕಲಾಗಿ, ಬೇಗ ರೆಕ್ಕೆ ಬಲಿತು, ಗೋಡೆ ಹತ್ತುವ ಹುಂಜವಾಗುತ್ತವೆ. ಮಾಂಸದ ತಳಿ, ಅಂದರೆ ನಾವು ಬ್ರಾಯ್ಲರ್ ಅನ್ನುತ್ತೇವಲ್ಲ, ಅದು ಬೇರೆ. ಎರಡು ವಾರ ತುಂಬುವಾಗಲೇ ಕಾಲು ದಪ್ಪ, ಎದೆ ಅಗಲ; ತಟ್ಟೆಯ ಪಕ್ಕ ಕೂತಲ್ಲೇ ಕೂತು ತಿನ್ನುತ್ತದೆ. ನಾನು ಹೇಳುತ್ತಿರುವುದು ಇದರ ಮಾತು.

ಈ ತಳಿ ತಾನಾಗಿ ಹುಟ್ಟಿದ್ದಲ್ಲ. ಕಾರ್ನಿಷ್ ಮತ್ತು ಬಿಳಿ ಪ್ಲೈಮತ್ ರಾಕ್ ಎಂಬ ಎರಡು ಜಾತಿಗಳ ಕೂಡಿಕೆಯಿಂದ ಮೊದಲಾಗಿ, ಪೀಳಿಗೆಯಿಂದ ಪೀಳಿಗೆಗೆ ಬೇಗ ಬೆಳೆಯುವುದನ್ನೇ ಆರಿಸಿ ಆರಿಸಿ ತಂದದ್ದು. ಆ ಕಾರ್ನಿಷ್ ಕೋಳಿಯಲ್ಲಿ ನಮ್ಮ ದೇಶದ ಅಸೀಲ್ ಕಾಳಗದ ಹುಂಜದ ರಕ್ತವೂ ಇದೆ ಅಂದರೆ ನಿಮಗೆ ಆಶ್ಚರ್ಯವಾದೀತು. ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾಲಯದವರು ೧೯೫೭ರ ತಳಿಯನ್ನೂ ೨೦೦೫ರ ತಳಿಯನ್ನೂ ಅಕ್ಕಪಕ್ಕದಲ್ಲಿಟ್ಟು ಒಂದೇ ಬಗೆಯ ಮೇವು ಹಾಕಿ ಬೆಳೆಸಿ ನೋಡಿದರು. ಫಲಿತಾಂಶ ಪ್ರಕಟವಾದದ್ದು ೨೦೧೪ರಲ್ಲಿ. ೫೬ ದಿನಕ್ಕೆ ಹಳೆಯದು ೯೦೫ ಗ್ರಾಂ, ಹೊಸದು ೪ ಕಿಲೋ ೨೦೦ ಗ್ರಾಮಿನಷ್ಟು ತೂಗಿತು. ಮೈ ಇಷ್ಟು ಬೇಗ ಬೆಳೆದರೆ ಎಲುಬು, ಹೃದಯ, ಪುಪ್ಪುಸ ಅದರ ಜೊತೆ ಓಡಲಾರವು. ಎಳೆ ಕರುವಿನ ಹೆಗಲಿಗೆ ನೊಗ ಇಟ್ಟ ಹಾಗೆ. ಕಾಲು ಸೊಟ್ಟಗಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿ ಜುಟ್ಟು ನೀಲಿಗಟ್ಟುತ್ತದೆ, ಇಲ್ಲವೇ ನಿಂತ ನಿಲುವಿನಲ್ಲೇ ಹೃದಯ ನಿಲ್ಲುತ್ತದೆ. ಸಾಕುವ ವ್ಯಾಪಾರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಆರು ವಾರಕ್ಕೆ, ಎರಡು ಕಿಲೋ ದಾಟುವಾಗ, ಅವನು ಮಾರಿಬಿಡುತ್ತಾನೆ.

ಆದ್ದರಿಂದ ಮರಿ ತಂದ ದಿನವೇ ಮನೆಯಲ್ಲಿ ಮಾತಾಡಿ ತೀರ್ಮಾನಿಸಿ. ಅಡಿಗೆಗೋ, ಮುದ್ದಿಗೋ? ಅಡಿಗೆಗಾದರೆ ಆರನೆಯ ವಾರಕ್ಕೆ ಮುಗಿಸಿ, ಇನ್ನೂ ದಪ್ಪವಾಗಲಿ ಎಂದು ಕಾಯಬೇಡಿ, ಮತ್ತು ಮಗುವಿಗೆ ಮೊದಲೇ ಹೇಳಿಬಿಡಿ. ಹೆಸರಿಟ್ಟು ಎತ್ತಿ ಆಡಿಸಿದ ಮೇಲೆ, ಶಾಲೆಯಿಂದ ಬರುವ ಹೊತ್ತಿಗೆ ಸಾರು ಮಾಡಿಡುವುದು ನನಗೇನೋ ಸರಿಕಾಣುವುದಿಲ್ಲ.

ಮುದ್ದಿಗಾದರೆ ಕೇಳಿ. ಮರಿಗಳನ್ನು ಹಾಕಿಕೊಡುವ ತಾಯಿಕೋಳಿಗಳೂ ಇದೇ ವಂಶದವೇ ಅಲ್ಲವೆ? ಅವುಗಳನ್ನು ಅರುವತ್ತು ವಾರದವರೆಗೆ ಹೇಗೆ ಉಳಿಸಿಕೊಳ್ಳುತ್ತಾರೆ? ಮೇವನ್ನು ಅಳತೆಯ ಮೇಲೆ ಹಾಕುತ್ತಾರೆ, ಅದೇ ಗುಟ್ಟು. ನಾವೂ ಅದನ್ನೇ ಮಾಡಬೇಕು. ಮೊದಲ ಎರಡು ವಾರ ಮರಿಮೇವನ್ನು ಧಾರಾಳವಾಗಿ ಕೊಡಿ. ಆ ಕಾಲದಲ್ಲಿ ಬೇಕಾದದ್ದು ಕಾವು: ಮೊದಲ ವಾರ ಮರಿಯ ಮಟ್ಟದಲ್ಲಿ ಸುಮಾರು ೩೫ ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸಿ. ಮರಿಗಳು ದೀಪದಡಿ ಗುಂಪುಗೂಡಿದರೆ ಚಳಿ, ದೂರ ಓಡಿದರೆ ಸೆಕೆ. ಉಷ್ಣಮಾಪಕವಿಲ್ಲದ ಮನೆಗೆ ಇಷ್ಟು ಸಾಕು.

ಮೂರನೆಯ ವಾರದಿಂದ ಅಳತೆ ಶುರು. ಕೋಳಿಯೊಂದಕ್ಕೆ ದಿನಕ್ಕೆ ಸುಮಾರು ೪೫ ಗ್ರಾಂ. ಎರಡು ತಿಂಗಳಿಗೆ ೬೦. ನಾಲ್ಕು ತಿಂಗಳಿಗೆ ೮೦. ಐದು ತಿಂಗಳು ದಾಟಿದ ಮೇಲೆ ನೂರು, ನೂರ ಹತ್ತು. ಒಂದು ಸಾರಿ ತಕ್ಕಡಿಯಲ್ಲಿ ತೂಗಿ ಲೋಟಕ್ಕೆ ಗೆರೆ ಹಾಕಿಟ್ಟುಕೊಳ್ಳಿ. ಹಿಡಿ ಲೆಕ್ಕ ಬೇಡ, ಅಮ್ಮನ ಹಿಡಿ ಬೇರೆ, ಅಜ್ಜಿಯ ಹಿಡಿ ಬೇರೆ. ವಾರಕ್ಕೊಮ್ಮೆ ಕೋಳಿಯನ್ನೂ ಚೀಲದಲ್ಲಿಟ್ಟು ತೂಗಿ. ವಾರಕ್ಕೆ ನೂರು ಗ್ರಾಮಿನ ಆಸುಪಾಸು ಏರಿದರೆ ಸರಿಯಾಗಿದೆ. ಮನಸ್ಸಿಗೆ ಬಂದಷ್ಟು ತಿಂದ ಬ್ರಾಯ್ಲರ್ ಐದನೆಯ ವಾರದಲ್ಲಿ ಹೆಚ್ಚುಕಡಿಮೆ ಅಷ್ಟನ್ನು ಒಂದೇ ದಿನಕ್ಕೆ ಏರುತ್ತದೆ! ತಿಂಗಳಾದ ಮೇಲೆ ಮಾಂಸದ ಕೋಳಿಯ ಮೇವು ನಿಲ್ಲಿಸಿ, ಮೊಟ್ಟೆ ತಳಿಯ ಎಳೆಕೋಳಿಗೆ ಕೊಡುವ ಬೆಳವಣಿಗೆ ಮೇವಿಗೆ ನಿಧಾನವಾಗಿ ಬದಲಾಯಿಸಿ. ಬನ್ನು, ಬಿಸ್ಕತ್ತು, ಮಿಕ್ಕ ಬಿರಿಯಾನಿ ಬೇಡವೇ ಬೇಡ. ಎರಡು ಕೋಳಿಯಿದ್ದರೆ ಎರಡು ತಟ್ಟೆ ಇಡಿ, ಇಲ್ಲದಿದ್ದರೆ ಜೋರಿನದು ಎರಡರ ಪಾಲನ್ನೂ ನುಂಗುತ್ತದೆ.

ಇಲ್ಲಿ ಒಂದು ಕಷ್ಟವಿದೆ, ಮುಚ್ಚಿಡುವುದಿಲ್ಲ. ಈ ಕೋಳಿ ಹಸಿವು ಅನ್ನುತ್ತದೆ, ನಿಜವಾಗಿಯೂ ಹಸಿದೇ ಇರುತ್ತದೆ. ಕಾಲಿಗೆ ಸುತ್ತಿಕೊಂಡು ಕೂಗುತ್ತದೆ. ಹಲಸೂರಿನ ಒಂದು ಮನೆಯಲ್ಲಿ ಅಪ್ಪ ಅಳೆದು ಹಾಕಿ ಕೆಲಸಕ್ಕೆ ಹೋದರೆ, ಪಾಪ ಎಂದು ಅಜ್ಜಿ ಇನ್ನೊಂದು ಲೋಟ ಸುರಿಯುತ್ತಿದ್ದರು. ತಾಯಿ ಮನಸ್ಸು, ಏನನ್ನೋಣ? ಅದಕ್ಕೆ ಉಪಾಯ ಕಾಳು ಅಲ್ಲ, ಕೆಲಸ. ನುಗ್ಗೆಸೊಪ್ಪು, ಹೊನಗೊನ್ನೆ, ಕೋಸಿನ ಹೊರ ಎಲೆ, ಇವುಗಳ ಕಟ್ಟನ್ನು ಕೊಕ್ಕಿಗೆ ಎಟುಕುವ ಎತ್ತರಕ್ಕೆ ತೂಗುಹಾಕಿ. ದಿನದ ಅಳತೆಯಲ್ಲೇ ಒಂದು ಚಿಟಿಕೆ ರಾಗಿ ತೆಗೆದು ಹೊಟ್ಟಿನಲ್ಲಿ ಚೆಲ್ಲಿ, ಕೆದಕಿ ಕೆದಕಿ ಹುಡುಕಲಿ. ನಡೆದಾಡಿದಷ್ಟೂ ಕಾಲು ಗಟ್ಟಿ. ನೀರಿಗೆ ಮಾತ್ರ ಅಳತೆಯಿಲ್ಲ.

ನೆಲಕ್ಕೆ ಎರಡು ಮೂರು ಅಂಗುಲ ಭತ್ತದ ಹೊಟ್ಟು ಹರಡಿ ಒಣಗಿರುವಂತೆ ನೋಡಿಕೊಳ್ಳಿ. ಒದ್ದೆಯಾದರೆ ಅಂಗಾಲು ಹುಣ್ಣಾಗುತ್ತದೆ. ಕೂರುವ ಗಳ ಅರ್ಧ ಅಡಿಗಿಂತ ಎತ್ತರ ಬೇಡ, ಇದು ಹಾರುವ ಹಕ್ಕಿಯಲ್ಲ. ಮಾರ್ಚಿಯಿಂದ ಮೇ ತಿಂಗಳವರೆಗೆ ನಮ್ಮ ತಾರಸಿಗಳು ಕಾವಲಿಯಂತೆ ಕಾಯುತ್ತವೆ. ಆಗ ಮೇವನ್ನು ಬೆಳಿಗ್ಗೆ ಆರಕ್ಕೂ ಸಂಜೆ ತಂಪಿನಲ್ಲೂ ಹಾಕಿ, ನಡುಮಧ್ಯಾಹ್ನ ಹಾಕಬೇಡಿ. ಡಿಸೆಂಬರಿನ ಇರುಳಿನಲ್ಲಿ ಚಳಿಗಾಳಿ ತಡೆಯಿರಿ, ಹೊಟ್ಟೆಯಲ್ಲಿ ನೀರು ತುಂಬುವುದಕ್ಕೆ ಚಳಿಯೂ ಒಂದು ಕಾರಣ. ಮೇಲಕ್ಕೆ ಬಲೆ ಇರಲಿ. ಶಿವಾಜಿನಗರದ ಕಡೆಯ ಹದ್ದುಗಳನ್ನು ನೀವೇ ನೋಡಿದ್ದೀರಿ. ರಾತ್ರಿ ಬೆಕ್ಕು, ಹೆಗ್ಗಣ.

ಇನ್ನು ಲಸಿಕೆ. ಒಂದೆರಡು ಕೋಳಿಗೆ ಯಾಕೆ ಅಂತ ಕೇಳುತ್ತೀರಿ. ಕೊಕ್ಕರೆ ರೋಗಕ್ಕೆ ಒಂದೋ ನೂರೋ ಲೆಕ್ಕವಿಲ್ಲ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ. ಎರಡನೆಯ ವಾರದ ಕೊನೆಗೆ ಗುಂಬೋರೊ ಲಸಿಕೆ. ನಾಲ್ಕನೆಯ ವಾರಕ್ಕೆ ಕೊಕ್ಕರೆ ರೋಗದ್ದು ಮತ್ತೊಮ್ಮೆ. ಎಂಟು ವಾರದ ಮೇಲೆ ಚುಚ್ಚುಮದ್ದು. ಸೀಸೆಯಲ್ಲಿ ನೂರಕ್ಕೂ ಮೇಲ್ಪಟ್ಟ ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಆದ್ದರಿಂದ ಕೇರಿಯ ಹತ್ತು ಮನೆಯವರು ಸೇರಿ ಒಂದೇ ದಿನ ಪಶುವೈದ್ಯರನ್ನು ಕಾಣಿರಿ. ಕೋಳಿಗಳು ಒಟ್ಟೊಟ್ಟಿಗೆ ಸತ್ತರೆ ಕೊಯ್ಯಬೇಡಿ, ಕೆರೆಗೆ ಎಸೆಯಬೇಡಿ, ಕೂಡಲೇ ಆಸ್ಪತ್ರೆಗೆ ತಿಳಿಸಿ. ೨೦೧೨ರಲ್ಲಿ ಹಕ್ಕಿಜ್ವರ ನಮ್ಮ ಹೆಸರಘಟ್ಟಕ್ಕೇ ಬಂದಿತ್ತು. ಮಕ್ಕಳು ಕೋಳಿ ಮುಟ್ಟಿ ಸೋಪಿನಲ್ಲಿ ಕೈ ತೊಳೆಯದೆ ಊಟಕ್ಕೆ ಕೂರದಿರಲಿ; ಕೊಕ್ಕಿಗೆ ಮುತ್ತು ಕೊಡುವ ಅಭ್ಯಾಸ ಬಿಡಿಸಿ.

ಇಷ್ಟೆಲ್ಲ ಅಳೆಯುವುದು ನಮ್ಮಿಂದಾಗದು ಅನ್ನುವವರು ಬ್ರಾಯ್ಲರ್ ಮರಿ ತರದಿರುವುದೇ ಮೇಲು. ಮೈತುಂಬಿದ ಕೋಳಿಯೇ ಬೇಕಾದರೆ ಗಿರಿರಾಜ ಇದೆ, ಹೆಬ್ಬಾಳದಲ್ಲೇ ಹಿತ್ತಿಲ ಸಾಕಣೆಗೆಂದು ರೂಪಿಸಿದ್ದು. ಬಣ್ಣದ ಪುಕ್ಕ, ಮೇಯುವ ಬುದ್ಧಿ. ಹೇಂಟೆ ವರ್ಷಕ್ಕೆ ೧೩೦ರಿಂದ ೧೫೦ ಮೊಟ್ಟೆ ಕೊಡುತ್ತದೆ. ಕಾವಿಗೆ ಮಾತ್ರ ಕೂರುವುದಿಲ್ಲ, ಅದರ ಮೊಟ್ಟೆಯನ್ನು ನಾಟಿ ಕೋಳಿಯಡಿ ಇಟ್ಟು ಮರಿ ಮಾಡಿದರೂ ಆ ಮರಿಗಳಲ್ಲಿ ತಾಯಿಯ ಗುಣ ಪೂರ್ತಿ ಉಳಿಯುವುದಿಲ್ಲ. ಪ್ರತಿ ಸಾರಿಯೂ ಹೊಸ ಮರಿಯನ್ನೇ ತರಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮರಿ ಯಾವಾಗ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಂಡು ಹೋಗಿ. ಮರಿ ಒಯ್ಯಲು ಗಾಳಿಯಾಡುವ ರಟ್ಟಿನ ಪೆಟ್ಟಿಗೆ ತನ್ನಿ, ಪ್ಲಾಸ್ಟಿಕ್ ಚೀಲ ಬೇಡ.