ಶಾಲಾ ಸಮಿತಿಗೆ ನಿಲ್ಲುವವರಿಗೆ ನಮ್ಮ ನಾಲ್ಕು ಪ್ರಶ್ನೆಗಳು

(ಮುಂಬಯಿಯಲ್ಲಿ ನಮ್ಮ ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿಯ ಗಿರಾಕಿ ಬರುವ ಮೊದಲು ನಿಮ್ಮಲ್ಲಿ ಅನೇಕರು ಹೋಟೆಲಿಗೆ ಮರಳಬೇಕು. ಆದುದರಿಂದ ಪೀಠಿಕೆಯಿಲ್ಲದೆ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳು ಕಲಿಯುವ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ವ್ಯವಸ್ಥಾಪನ ಸಮಿತಿಯನ್ನು ಹೊಸದಾಗಿ ರಚಿಸುವ ಸಮಯ ಬಂದಿದೆ. ನಮ್ಮವರೇ ಕೆಲವರು ಸದಸ್ಯರಾಗಲು ಮುಂದೆ ಬಂದಿದ್ದಾರೆ. ಸಂತೋಷ. ಆದರೆ ಅವರ ಪರವಾಗಿ ಕೈಯೆತ್ತುವ ಮೊದಲು ಕೇಳಬೇಕಾದ ಮಾತುಗಳಿವೆ.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ, ನನ್ನ ಮಗಳು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಆಕೆಯ ಶಾಲೆಯಿಂದ ಖೋಲಿಗೆ ಒಂದು ಕಾಗದ ಬಂತು. ಸಭೆ ಬೆಳಗಿನ ಹನ್ನೊಂದೂವರೆಗೆ. ಊಟದ ಗಿರಾಕಿ ಒಳಗೆ ಬರುವ ಹೊತ್ತು ಅದು. ನಾನು ಹೋಗಲಿಲ್ಲ. ಮರುದಿನ ಒಬ್ಬ ಸದಸ್ಯರು ಗಲ್ಲಾದ ಬಳಿಗೇ ವಹಿಯನ್ನು ತಂದು, "ಎಲ್ಲರೂ ಒಪ್ಪಿದ್ದಾರೆ" ಎಂದರು. ಓದದೆ ಸಹಿ ಹಾಕಿದೆ. ಮುಂದಿನ ವಾರ ಮೂರನೆಯ ಹಾಗೂ ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಒಂದೇ ಕೋಣೆಯಲ್ಲಿ, ಒಬ್ಬರೇ ಶಿಕ್ಷಕರ ಮುಂದೆ ಕೂರಿಸಿದರು. "ಅಪ್ಪಾ, ಇದಕ್ಕೆ ನೀವೂ ಒಪ್ಪಿದ್ದೀರಂತೆ" ಎಂದು ಮಗಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಕಾನೂನು ನಮ್ಮನ್ನು ಮರೆತಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 21ನೆಯ ಕಲಮಿನ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಾದರೂ ತಂದೆತಾಯಿಗಳು ಇಲ್ಲವೆ ಪೋಷಕರೇ ಇರಬೇಕು. ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅಭಿವೃದ್ಧಿ ಯೋಜನೆಯನ್ನು ತಯಾರಿಸುವುದು, ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು, ಇವು ಸಮಿತಿಯ ಕೆಲಸ. ಒಂದು ಮಾತು ನೆನಪಿಡಿ: 2012ರ ತಿದ್ದುಪಡಿಯ ಅನಂತರ ಅನುದಾನಿತ ಶಾಲೆಗಳ ಹಾಗೂ ಅಲ್ಪಸಂಖ್ಯಾತರ ಶಾಲೆಗಳ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರ. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಕಲಮೇ ಅನ್ವಯಿಸದು. ಪಾಲಿಕೆಯ ಶಾಲೆಯಲ್ಲಿ ಮಾತ್ರ ಸಮಿತಿಗೆ ಪೂರ್ಣ ಹೊಣೆಯಿದೆ. ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಇನ್ನು ಪ್ರಶ್ನೆಗಳು.

ಒಂದು: ಸಭೆಯನ್ನು ಯಾವ ಹೊತ್ತಿಗೆ ಕರೆಯುತ್ತೀರಿ? ಹೋಟೆಲಿನವನಿಗೆ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಉಸಿರಾಡಲು ಬಿಡುವು. ಪಾಳಿಯಲ್ಲಿ ದುಡಿಯುವವನಿಗೆ ವಾರದ ರಜೆಯೇ ಗತಿ. ಬರಲಾಗದ ಹೊತ್ತಿಗೆ ಕರೆದು, "ಪಾಲಕರಿಗೆ ಆಸಕ್ತಿಯಿಲ್ಲ" ಎನ್ನುವುದು ನ್ಯಾಯವಲ್ಲ. ಮಾತಾಡುವ ವಿಷಯಗಳನ್ನು ಒಂದು ವಾರ ಮೊದಲೇ ಕನ್ನಡದಲ್ಲಿ ಬರೆದು ತಿಳಿಸುವಿರಾ?

ಎರಡು: ಸ್ತ್ರೀ ಸದಸ್ಯೆಯ ಕುರ್ಚಿಯಲ್ಲಿ ಕೂರುವವರು ಯಾರು? ಹೆಂಡತಿಯ ಹೆಸರು, ಗಂಡನ ಮಾತು ಎಂದಾಗಬಾರದು. ಮಗು ಏಕೆ ಶಾಲೆ ತಪ್ಪಿಸಿತು, ಡಬ್ಬಿಯ ಊಟ ಏಕೆ ಉಳಿಯಿತು, ಹುಡುಗಿಯರ ಪಾಯಖಾನೆಗೆ ಚಿಲಕವಿದೆಯೆ, ಇವೆಲ್ಲ ತಾಯಂದಿರಿಗೆ ತಿಳಿದಷ್ಟು ನಮಗೆ ತಿಳಿಯದು.

ಮೂರು: ತೀರ್ಮಾನಕ್ಕೆ ಮುಂಚೆ ನಮ್ಮನ್ನು ಕೇಳುತ್ತೀರೋ, ತೀರ್ಮಾನಿಸಿದ ಮೇಲೆ ತಿಳಿಸುತ್ತೀರೋ? ಅಡುಗೆಯಾದ ಮೇಲೆ ಉಪ್ಪು ಎಷ್ಟೆಂದು ಕೇಳಿ ಫಲವಿಲ್ಲ. ಶಿಕ್ಷಕರನ್ನು ನೇಮಿಸುವ ಅಧಿಕಾರ ಸಮಿತಿಗಿಲ್ಲ, ನಿಜ. ಆದರೆ ಎಷ್ಟು ಮಕ್ಕಳು ಬರುವರು, ಎಷ್ಟು ಶಿಕ್ಷಕರು ಬೇಕು, ಯಾವ ಕೋಣೆ ಸೋರುತ್ತಿದೆ ಎಂಬುದನ್ನು ಅಭಿವೃದ್ಧಿ ಯೋಜನೆಯಲ್ಲಿ ಬರೆದು ಕೇಳಬಹುದು. ಬರೆದು ಕೇಳದವನಿಗೆ ಕಚೇರಿಯಲ್ಲಿ ಉತ್ತರ ಸಿಗದು. ಅದನ್ನು ಬರೆಯುವ ಮೊದಲು ಚಾಳು ಚಾಳಿಗೆ ಬಂದು ವಿಚಾರಿಸಿರಿ.

ನಾಲ್ಕು: ಲೆಕ್ಕವನ್ನೂ ನಡವಳಿಯನ್ನೂ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸುವಿರಾ? ಒಪ್ಪದವನ ಮಾತನ್ನೂ ವಹಿಯಲ್ಲಿ ಬರೆಯುವಿರಾ? "ಎಲ್ಲರೂ ಒಪ್ಪಿದ್ದಾರೆ" ಎಂಬ ಒಂದು ಸಾಲು ನನ್ನ ಮಗಳ ಒಂದು ವರ್ಷವನ್ನು ತಿಂದಿತು.

ಬಂಧುಗಳೆ, 1982ರ ಮುಷ್ಕರವನ್ನು ಕಂಡ ಹಿರಿಯರು ಈ ಸಭೆಯಲ್ಲಿದ್ದಾರೆ. ಗಿರಣಿಯ ಗೇಟಿನ ಬಳಿ ನಿಂತು ಮುಖಂಡರಿಂದ ಲೆಕ್ಕ ಕೇಳಿದವರು ಅವರು. ಅಂಥವರ ಮಕ್ಕಳಾದ ನಮಗೆ ಶಾಲೆಯ ಬಾಗಿಲಲ್ಲಿ ಏಕೆ ಬಾಯಿ ಕಟ್ಟುತ್ತದೆ? ನಾವು ಹೆಚ್ಚು ಓದಿದವರಲ್ಲ ಎಂಬ ಸಂಕೋಚವೆ? ಸಮಿತಿಯ ಸದಸ್ಯನಾಗಲು ಕಾಯಿದೆ ಕೇಳುವುದು ಪದವಿಯನ್ನಲ್ಲ. ಆ ಶಾಲೆಯಲ್ಲಿ ನಿಮ್ಮ ಮಗುವಿದ್ದರೆ ಸಾಕು.

ಸಮಿತಿ ಕಿವಿಗೊಡದಿದ್ದರೂ ದಾರಿಯಿದೆ. ಮಗುವಿನ ಹಕ್ಕಿಗೆ ಕುಂದು ಬಂದರೆ 32ನೆಯ ಕಲಮಿನಂತೆ ಪಾಲಿಕೆಗೆ ಲಿಖಿತ ದೂರು ಕೊಡಬಹುದು. ಅದನ್ನು ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅರ್ಜಿ ಬರೆದುಕೊಡಲು ನಮ್ಮ ಸಂಘದ ಕಾರ್ಯಕರ್ತರಿದ್ದಾರೆ.

ಈ ನಾಲ್ಕು ಪ್ರಶ್ನೆಗಳನ್ನು ಹಗೆತನದಿಂದ ಕೇಳಬೇಡಿ. ನಿಲ್ಲುವವರೂ ನಮ್ಮಂತೆ ದುಡಿದು ದಣಿದವರೇ. ಉತ್ತರ ಕೊಟ್ಟವರನ್ನು ಆರಿಸಿರಿ. ಆರಿಸಿದ ಮೇಲೆ ಅವರನ್ನು ಒಂಟಿಯಾಗಿ ಬಿಡದೆ ಸಭೆಗೆ ಹೋಗಿರಿ. ಯಾರಾದರೂ ವಹಿಯನ್ನು ಗಲ್ಲಾದ ಬಳಿ ತಂದರೆ ಓದಿ ನೋಡಿ, ಅನಂತರ ಸಹಿ ಹಾಕಿರಿ.