ಮಾಡಿದ್ದು, ಮಾಡಿಸಿದ್ದು, ಕಲಿತದ್ದು: ಅಂತರ್ಜಾಲದಲ್ಲಿ ವಿದ್ಯಾರ್ಥಿಯ ಪರಿಚಯ

(ದಶಲಕ್ಷಣ ಪರ್ವದ ಸಂದರ್ಭದಲ್ಲಿ ಹೊರನಾಡ ಕನ್ನಡ ಜೈನ ಕುಟುಂಬಗಳ ಪಾಲಕರಿಗೂ ಪ್ರೌಢಶಾಲಾ ವಿದ್ಯಾರ್ಥಿಗಳಿಗೂ ನೀಡಿದ ಉಪನ್ಯಾಸದ ಪಠ್ಯ)



ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಿದವರೆಲ್ಲರೂ ಬಾಹುಬಲಿ ಸ್ವಾಮಿಯ ಮುಖಮುದ್ರೆಯನ್ನು ಕಣ್ತುಂಬ ನೋಡಿ ಬರುತ್ತಾರೆ. ಪಾದಗಳ ಬಳಿ ಇರುವ ಬರಹದ ಮುಂದೆ ಒಂದು ಗಳಿಗೆ ನಿಲ್ಲುವವರು ಕಡಿಮೆ. ಸುಮಾರು 58 ಅಡಿ ಎತ್ತರದ ಆ ಏಕಶಿಲಾ ಮೂರ್ತಿಯನ್ನು ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಪ್ರತಿಷ್ಠಾಪಿಸಿದನು. ಅಂತಹ ಮಹಾಕಾರ್ಯಕ್ಕೆ ಪಾದದ ಬಳಿ ಅವನ ಹೆಸರಿನಲ್ಲಿ ಇರುವ ಕನ್ನಡ ಬರಹ ಒಂದೇ ಒಂದು ಚಿಕ್ಕ ಸಾಲು. ಇದನ್ನು ಚಾವುಂಡರಾಜನು ಮಾಡಿಸಿದನು ಎಂಬುದಷ್ಟೇ ಅದರ ತಾತ್ಪರ್ಯ. ಗೆದ್ದ ಯುದ್ಧಗಳ ಪಟ್ಟಿ ಅಲ್ಲಿಲ್ಲ, ಬಿರುದುಗಳ ಸಾಲಿಲ್ಲ. ಕ್ರಿಯಾಪದವನ್ನಂತೂ ವಿಶೇಷವಾಗಿ ಗಮನಿಸಬೇಕು. ಉಳಿ ಹಿಡಿದ ಕೈಗಳು ಬೇರೆಯವರವು. ಸಂಕಲ್ಪವೂ ಸಂಪತ್ತೂ ಅವನವು. ಆದ್ದರಿಂದ ಬರಹವು 'ಮಾಡಿಸಿದನು' ಎನ್ನುತ್ತದೆ; 'ಮಾಡಿದನು' ಎನ್ನುವುದಿಲ್ಲ.

ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ವಿದ್ಯಾರ್ಥಿಯು ಅಂತರ್ಜಾಲದಲ್ಲಿ ತನ್ನ ಪರಿಚಯವನ್ನು ಹೇಗೆ ಕಟ್ಟಿಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಒಂದು ಸಾಲಿನಲ್ಲಿಯೇ ಮುಕ್ಕಾಲು ಉತ್ತರವಿದೆ. ಕೆಲಸ ದೊಡ್ಡದಾಗಿರಲಿ, ಹೇಳಿಕೆ ಚಿಕ್ಕದಾಗಿರಲಿ, ಕ್ರಿಯಾಪದ ನಿಜವಾಗಿರಲಿ.

ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದಿಲ್ಲಿಗಳಲ್ಲಿ ನೆಲೆಸಿರುವ ಕುಟುಂಬಗಳಲ್ಲಿ ಎರಡು ಬಗೆಯ ನಡವಳಿಕೆ ಕಾಣುತ್ತದೆ. ಒಂದು ಬಗೆಯ ಮನೆಯಲ್ಲಿ ಮಗು ಪಡೆದ ಪ್ರತಿಯೊಂದು ಪ್ರಮಾಣಪತ್ರವೂ ಅಂದೇ ಸಂಜೆ ಜಾಲತಾಣವನ್ನು ಏರುತ್ತದೆ. ಶುಲ್ಕ ಕಟ್ಟಿದವರಿಗೆಲ್ಲ ಪದಕ ಕೊಡುವ ಸ್ಪರ್ಧೆಗಳು, ಹಣ ಪಡೆದು 'ಸಂಶೋಧನಾ ಲೇಖನ' ಅಚ್ಚು ಹಾಕುವ ಪತ್ರಿಕೆಗಳು ಇಂತಹ ಮನೆಗಳನ್ನು ನಂಬಿಯೇ ಬದುಕುತ್ತವೆ. ಇನ್ನೊಂದು ಬಗೆಯ ಮನೆಯಲ್ಲಿ ಎಲ್ಲಿಯೂ ಹೆಸರು ಹಾಕಬೇಡ, ಕಾಲ ಕೆಟ್ಟದ್ದು ಎಂಬ ಒಂದೇ ಮಾತು. ಮೊದಲನೆಯದು ಲೋಭದಿಂದ, ಎರಡನೆಯದು ಭಯದಿಂದ ಹುಟ್ಟಿದ್ದು. ಎರಡರಲ್ಲಿಯೂ ಮಗುವನ್ನು ಕೇಳುವವರು ಯಾರೂ ಇಲ್ಲ.

ಮೊದಲಿಗೆ ಆತಂಕವನ್ನು ಕಡಿಮೆ ಮಾಡಿಕೊಳ್ಳೋಣ. ಎಂಜಿನಿಯರಿಂಗ್ ಪ್ರವೇಶಕ್ಕೆ ಜೆಇಇ, ವೈದ್ಯಕೀಯ ಪ್ರವೇಶಕ್ಕೆ ನೀಟ್ ಬರೆಯುವ ವಿದ್ಯಾರ್ಥಿಯ ಭವಿಷ್ಯವನ್ನು ನಿರ್ಧರಿಸುವುದು ಅಂಕ ಮತ್ತು ರ‍್ಯಾಂಕು. ಅಲ್ಲಿ ಯಾರೂ ಲಿಂಕ್ಡ್‌ಇನ್ ಪುಟವನ್ನು ತೆರೆದು ನೋಡುವುದಿಲ್ಲ. ವಿದೇಶದ ಹಲವು ವಿಶ್ವವಿದ್ಯಾಲಯಗಳು, ದೇಶದ ಕೆಲವು ಖಾಸಗಿ ವಿಶ್ವವಿದ್ಯಾಲಯಗಳು ಅಂಕದ ಜೊತೆಗೆ ಪ್ರಬಂಧ, ಚಟುವಟಿಕೆಗಳ ವಿವರ ಕೇಳುತ್ತವೆ. ರಜೆಯಲ್ಲಿ ಒಬ್ಬ ಪ್ರಾಧ್ಯಾಪಕರ ಬಳಿ ಕೆಲಸ ಕಲಿಯಬೇಕೆನ್ನುವವರಿಗೆ, ಚಿತ್ರ, ವಿನ್ಯಾಸ, ಪತ್ರಿಕೋದ್ಯಮ, ಗಣಕಶಾಸ್ತ್ರಗಳತ್ತ ಒಲವಿರುವವರಿಗೆ, ತಮ್ಮ ಕೆಲಸವನ್ನು ತೋರಿಸಲು ಒಂದು ವಿಳಾಸವಿದ್ದರೆ ಅನುಕೂಲ. ಅಂದರೆ ಇದು ಎಲ್ಲರಿಗೂ ಅನಿವಾರ್ಯವಲ್ಲ, ಬೇಕಾದವರಿಗೆ ಉಪಯುಕ್ತ.

ಇಲ್ಲಿ ಧರ್ಮದ ಪ್ರಶ್ನೆಯೊಂದು ಏಳುತ್ತದೆ. ದಶಧರ್ಮಗಳಲ್ಲಿ ಎರಡನೆಯದು ಉತ್ತಮ ಮಾರ್ದವ. ಅಹಂಕಾರವನ್ನು ಕರಗಿಸು ಎಂದು ಪರ್ವದ ದಿನಗಳಲ್ಲಿ ಕೇಳಿಸಿಕೊಂಡ ಮಗುವಿಗೆ, ಮರುದಿನವೇ ನಿನ್ನನ್ನು ನೀನು ಜಗತ್ತಿಗೆ ತೋರಿಸಿಕೋ ಎನ್ನುವುದು ಹೇಗೆ? ಆ ಮಾರ್ದವದ ಬೆನ್ನಿಗೇ ಬರುವ ಮೂರನೆಯ ಧರ್ಮ ಉತ್ತಮ ಆರ್ಜವ. ಒಳಗೊಂದು ಹೊರಗೊಂದು ಇಲ್ಲದ ನೇರತನ ಅದು. ಇರುವುದನ್ನು ಇದ್ದಂತೆ ಹೇಳುವುದರಿಂದ ಮಾರ್ದವಕ್ಕೆ ಭಂಗವಿಲ್ಲ. ಭಂಗ ಬರುವುದು ಎಲ್ಲಿ ಎಂಬುದನ್ನು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಸ್ಪಷ್ಟವಾಗಿ ತಿಳಿಸುತ್ತದೆ. ನೀಚಗೋತ್ರ ಕರ್ಮಕ್ಕೆ ಕಾರಣವಾಗುವ ನಾಲ್ಕು ಸಂಗತಿಗಳು ಅಲ್ಲಿವೆ: ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಸಾರುವುದು. ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹವನ್ನು, ಎಣಿಸುತ್ತದೆ. ತಂದೆ ಹಣ ಕೊಟ್ಟು ಯಾರಿಂದಲೋ ಮಾಡಿಸಿದ ಆ್ಯಪ್ ಒಂದಕ್ಕೆ ಹದಿನಾರರ ಮಗನನ್ನು 'ಸಂಸ್ಥಾಪಕ' ಎಂದು ಬರೆಸಿದಾಗ ನಡೆಯುವುದು ಈ ಕೂಟಲೇಖವೇ. ಜೊತೆಯಲ್ಲಿ ದುಡಿದ ಗೆಳೆಯರ ಹೆಸರನ್ನು ಬಿಟ್ಟು ತಂಡದ ಕೆಲಸವನ್ನು ತನ್ನದೆಂದು ಹಾಕಿಕೊಂಡಾಗ ಪರರ ಗುಣವನ್ನು ಮುಚ್ಚಿದಂತೆಯೇ ಆಗುತ್ತದೆ.

ಹಾಗಾದರೆ ಏನನ್ನು ತೋರಿಸಬೇಕು? ಹೊಗಳಿಕೆಯ ಅಗತ್ಯವಿಲ್ಲದೆ ತನ್ನಷ್ಟಕ್ಕೆ ತಾನೇ ಸಾಕ್ಷಿ ಹೇಳುವ ಕೆಲಸವನ್ನು. ಮೂರು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು, ಗಣಕದ ಕೆಲಸ. ಗಿಟ್‌ಹಬ್‌ನಲ್ಲಿ 13 ವರ್ಷ ತುಂಬಿದವರು ಖಾತೆ ತೆರೆಯಬಹುದು. ಅಲ್ಲಿ ಬರೆದ ಪ್ರೋಗ್ರಾಮಿನ ಪ್ರತಿಯೊಂದು ತಿದ್ದುಪಡಿಯೂ ದಿನಾಂಕದೊಂದಿಗೆ ದಾಖಲಾಗುತ್ತದೆ. ಆರು ತಿಂಗಳು ನಿಧಾನವಾಗಿ ಬೆಳೆದ ಕೆಲಸಕ್ಕೂ ಒಂದೇ ರಾತ್ರಿಯಲ್ಲಿ ತಂದು ಸುರಿದ ಕೆಲಸಕ್ಕೂ ಇರುವ ವ್ಯತ್ಯಾಸ ನೋಡುವವರ ಕಣ್ಣಿಗೆ ಬೀಳದೆ ಇರದು. ಬೇರೆಯವರು ಬರೆದ ಭಾಗವನ್ನು ಬಳಸಿದ್ದರೆ ಅವರ ಹೆಸರನ್ನು ಹೇಳಬೇಕು. ಕೃತಕ ಬುದ್ಧಿಮತ್ತೆಯ ನೆರವು ಪಡೆದಿದ್ದರೆ ಅದನ್ನೂ ಒಂದು ಸಾಲಿನಲ್ಲಿ ತಿಳಿಸಬೇಕು. ಇದು ಅಚೌರ್ಯದ ಇಂದಿನ ರೂಪ.

ಎರಡನೆಯದು, ಹಕ್ಕಿಗಳ ಗಣತಿ. ಇ-ಬರ್ಡ್ ಎಂಬ ಜಾಗತಿಕ ದಾಖಲೆಯಲ್ಲಿ ಯಾವ ದಿನ, ಯಾವ ಸ್ಥಳದಲ್ಲಿ, ಎಷ್ಟು ಹೊತ್ತು ನಿಂತು, ಯಾವ ಹಕ್ಕಿಗಳನ್ನು ಎಷ್ಟು ಕಂಡೆ ಎಂದು ಬರೆಯಬೇಕು. ಅಪರೂಪದ ಹಕ್ಕಿಯನ್ನು ಬರೆದರೆ ಪರಿಣತರು ಪರಿಶೀಲಿಸಿ ವಿವರ ಕೇಳುತ್ತಾರೆ. ಠಾಣೆ ಖಾರಿಗೆ ಬರುವ ರಾಜಹಂಸಗಳನ್ನು ಒಂದೇ ದಂಡೆಯಿಂದ ಎರಡು ವರ್ಷ ಎಣಿಸಿದ ವಿದ್ಯಾರ್ಥಿನಿಗೆ ಪ್ರಮಾಣಪತ್ರದ ಹಂಗಿಲ್ಲ. ಜೀವದಯೆಯನ್ನು ಬಾಯಿಪಾಠ ಮಾಡಿದವರಿಗಿಂತ ಜೀವಿಗಳ ಹೆಸರು, ಕಾಲ, ನೆಲೆಗಳನ್ನು ಬಲ್ಲವರಿಗೆ ಅಹಿಂಸೆ ಹೆಚ್ಚು ಹತ್ತಿರ.

ಮೂರನೆಯದು, ಕನ್ನಡದ ಕೆಲಸ. ಭಾರತದ ಕಾನೂನಿನಂತೆ ಲೇಖಕರು ನಿಧನರಾಗಿ 60 ವರ್ಷಗಳು ಕಳೆದ ಮೇಲೆ ಅವರ ಕೃತಿಗಳು ಹಕ್ಕುಸ್ವಾಮ್ಯದಿಂದ ಮುಕ್ತವಾಗುತ್ತವೆ. ಇಂತಹ ಹಳೆಯ ಪುಸ್ತಕಗಳ ಪುಟಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಗಳನ್ನು ತಿದ್ದುವ ಕೆಲಸ ಕನ್ನಡ ವಿಕಿಸೋರ್ಸ್‌ನಲ್ಲಿ ನಡೆಯುತ್ತದೆ. ಒಬ್ಬರು ತಿದ್ದಿದ ಪುಟವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮೊಮ್ಮಗ ಒಂದು ಪುಟ ತಿದ್ದುವಾಗ ಪಕ್ಕದಲ್ಲಿ ಅಜ್ಜಿ ಕುಳಿತರೆ, ಒತ್ತಕ್ಷರದ ಅನುಮಾನವೂ ತೀರುತ್ತದೆ, ಭಾಷೆಯೂ ಉಳಿಯುತ್ತದೆ. ಇದು ಶಾಸ್ತ್ರದಾನವೇ, ತಾಳೆಗರಿಯ ಜಾಗಕ್ಕೆ ತೆರೆ ಬಂದಿದೆ ಅಷ್ಟೆ.

ಕೆಲಸ ಇದ್ದ ಮೇಲೆ ಪರಿಚಯ ಬರೆಯುವುದು ಸುಲಭ. 'ಯುವ ಉದ್ಯಮಿ, ಕೃತಕ ಬುದ್ಧಿಮತ್ತೆ ತಜ್ಞ, ಪ್ರೇರಕ ಭಾಷಣಕಾರ' ಎಂಬ ಪರಿಚಯ ಓದಿದವರು ನಗುತ್ತಾರೆ, ಇಲ್ಲವೆ ಪುಟವನ್ನು ಮುಚ್ಚುತ್ತಾರೆ. 'ಹತ್ತನೆಯ ತರಗತಿಯ ವಿದ್ಯಾರ್ಥಿನಿ. ಎರಡು ವರ್ಷಗಳಿಂದ ಒಂದೇ ಕೆರೆಯ ಹಕ್ಕಿಗಳನ್ನು ಎಣಿಸುತ್ತಿದ್ದೇನೆ. ಆ ಲೆಕ್ಕವನ್ನು ನಕ್ಷೆಯಾಗಿಸಲು ಪೈಥಾನ್ ಕಲಿಯುತ್ತಿದ್ದೇನೆ' ಎಂದು ಬರೆದರೆ ಮುಂದಿನ ಪ್ರಶ್ನೆ ಕೇಳಬೇಕೆನಿಸುತ್ತದೆ. 'ಮಾಡಿದೆ', 'ನೆರವಾದೆ', 'ಮಾಡಿಸಿದೆ', 'ಕಲಿಯುತ್ತಿದ್ದೇನೆ' ಎಂಬ ನಾಲ್ಕು ಕ್ರಿಯಾಪದಗಳಲ್ಲಿ ನಿಜವಾದುದನ್ನು ಆರಿಸಿಕೊಂಡರೆ ಸಾಕು. ಸಂದರ್ಶನದಲ್ಲಿ ಎದುರಿಗೆ ಕುಳಿತವರು ಐದು ನಿಮಿಷ ಪ್ರಶ್ನಿಸಿದರೂ ನಿಲ್ಲದ ಮಾತನ್ನು ಪುಟದಲ್ಲಿ ಬರೆಯಬಾರದು.

ಕೆಲವು ವ್ಯಾವಹಾರಿಕ ಎಚ್ಚರಿಕೆಗಳು. ಲಿಂಕ್ಡ್‌ಇನ್‌ಗೆ ಕನಿಷ್ಠ ವಯಸ್ಸು 16. ಹದಿನಾಲ್ಕರ ಮಗುವಿಗೆ ಸುಳ್ಳು ಜನ್ಮವರ್ಷ ಕೊಟ್ಟು ಖಾತೆ ತೆರೆಸುವ ಪಾಲಕರು ಮೊದಲ ಪಾಠವಾಗಿ ಸುಳ್ಳನ್ನೇ ಕಲಿಸುತ್ತಾರೆ. ವೃತ್ತಿಯ ಪತ್ರವ್ಯವಹಾರಕ್ಕೆ ಸ್ವಂತ ಹೆಸರಿನ, ಗಂಭೀರವಾದ ಒಂದು ಇ-ಮೇಲ್ ವಿಳಾಸವಿರಲಿ. ಜನ್ಮದಿನಾಂಕ, ಮನೆಯ ವಿಳಾಸ, ದೂರವಾಣಿ ಸಂಖ್ಯೆ, ಶಾಲೆಗೆ ಹೋಗಿಬರುವ ವೇಳೆ ಎಲ್ಲಿಯೂ ಕಾಣಬಾರದು. ಅಂಕಪಟ್ಟಿಯ ಚಿತ್ರವನ್ನು ಹಾಕುವವರು ಅದರೊಂದಿಗೆ ರೋಲ್ ನಂಬರನ್ನೂ ಜನ್ಮದಿನಾಂಕವನ್ನೂ ಜಗತ್ತಿಗೆ ಕೊಟ್ಟಿರುತ್ತಾರೆ. ಗಿಟ್‌ಹಬ್‌ನಲ್ಲಿ ಇ-ಮೇಲನ್ನು ಮರೆಮಾಡುವ ಆಯ್ಕೆಯಿದೆ, ಬಳಸಬೇಕು. ಹಕ್ಕಿಗಳ ಪಟ್ಟಿಗೆ ಮನೆಯ ಬಾಲ್ಕನಿಗಿಂತ ಸಾರ್ವಜನಿಕ ಉದ್ಯಾನವೋ ಕೆರೆಯ ದಂಡೆಯೋ ಲೇಸು. ಅಪರಿಚಿತರು 'ಅವಕಾಶ' ಕೊಡುತ್ತೇವೆಂದು ಬರೆದು ಹಣವನ್ನೋ ಭಾವಚಿತ್ರವನ್ನೋ ಕೇಳಿದರೆ ಉತ್ತರಿಸದೆ ಮನೆಯವರಿಗೆ ತೋರಿಸಬೇಕು. ಹಾಗೆ ತೋರಿಸಿದ ಮಗುವನ್ನು ಬೈಯದಿರುವುದು ಮನೆಯವರ ಕರ್ತವ್ಯ.

ಕಾನೂನಿನ ಮಾತನ್ನೂ ತಿಳಿದಿರಬೇಕು. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅನಂತರ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಬೆನ್ನುಹತ್ತಿ ಜಾಹೀರಾತು ತೋರಿಸುವುದನ್ನು ನಿಷೇಧಿಸುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಿದ ಸಂಸ್ಥೆಗಳಿಗೆ 200 ಕೋಟಿ ರೂಪಾಯಿವರೆಗೆ ದಂಡವಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರಬೇಕಾಗಿವೆ.

ಆದರೆ ಈ ಕಾಯ್ದೆಯ ಎರಡು ಮಿತಿಗಳನ್ನು ಮರೆಯಬಾರದು. ವ್ಯಕ್ತಿಯು ತಾನಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಬಾಗಿಲನ್ನು ಒಳಗಿನಿಂದ ತೆರೆದವರಿಗೆ ಕಾನೂನಿನ ಅಗುಳಿ ನೆರವಾಗದು. ಎರಡನೆಯದು ಇನ್ನೂ ಗಂಭೀರ. ಹದಿನೇಳರ ಹುಡುಗಿಯ ಪರವಾಗಿ ಒಪ್ಪಿಗೆ ಹೇಳುವ ಅಧಿಕಾರವೆಲ್ಲ ಪಾಲಕರ ಕೈಗೆ ಬಂದಿದೆ. ಆಕೆಯ ಸ್ವಂತ ಮಾತಿಗೆ ಅಲ್ಲಿ ಸ್ಥಾನವಿಲ್ಲ. ಮಗನಿಗೆ ಸುಲಭವಾಗಿ ಸಿಗುವ ಒಪ್ಪಿಗೆ ಮಗಳಿಗೂ ಸಿಗುವುದೇ ಎಂಬುದನ್ನು ಸರ್ಕಾರ ನೋಡಲು ಬರುವುದಿಲ್ಲ, ಸಮಾಜವೇ ನೋಡಿಕೊಳ್ಳಬೇಕು.

ಸಮಾಜ ಇಲ್ಲಿ ಪ್ರಾಮಾಣಿಕವಾಗಿ ಆತ್ಮಾವಲೋಕನ ಮಾಡಿಕೊಳ್ಳಬೇಕು. ಮಗನ ಪದಕವನ್ನು ಸಂಬಂಧಿಕರ ವಾಟ್ಸ್ಆ್ಯಪ್ ಗುಂಪುಗಳಿಗೆಲ್ಲ ಕಳುಹಿಸುವ ಮನೆಯೇ ಮಗಳ ಹೆಸರು ಜಾಲದಲ್ಲಿ ಕಂಡರೆ 'ನಾಳೆ ಸಂಬಂಧ ನೋಡುವವರು ಏನೆಂದಾರು' ಎನ್ನುತ್ತದೆ. ಮಗಳ ಬಗ್ಗೆ ಜಗತ್ತಿಗೆ ತಿಳಿಯುವ ಮೊದಲ ಬರಹ ಎತ್ತರ, ಬಣ್ಣ, ಗೋತ್ರಗಳಿರುವ ವಿವಾಹದ ಬಯೋಡಾಟವೇ ಆಗಬೇಕೆ? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. 993ರಲ್ಲಿ ಪೂರ್ಣಗೊಂಡ ಅಜಿತಪುರಾಣದಲ್ಲಿ ರನ್ನ ಅವಳನ್ನು ಕೊಂಡಾಡಿದ. ಲಕ್ಕುಂಡಿಯ 1007ರ ಶಾಸನ ಅವಳ ಹೆಸರನ್ನು ಕಲ್ಲಿನಲ್ಲಿ ನಿಲ್ಲಿಸಿತು. ಹೆಣ್ಣಿನ ಹೆಸರು ಅವಳ ಕಾರ್ಯದೊಂದಿಗೆ ಸಾರ್ವಜನಿಕವಾಗಿ ನಿಲ್ಲುವುದು ಈ ಧರ್ಮಕ್ಕೆ ಸಾವಿರ ವರ್ಷಗಳ ಹಿಂದೆಯೇ ಸಮ್ಮತವಾಗಿತ್ತು. ಸುರಕ್ಷತೆಯ ನಿಯಮಗಳು ಬೇಕು. ಅವು ಮಗನಿಗೂ ಮಗಳಿಗೂ ಒಂದೇ ಆಗಿರಬೇಕು.

ಕೊನೆಯದಾಗಿ ಅಭಿಪ್ರಾಯಗಳ ವಿಷಯ. ವಿದ್ಯಾರ್ಥಿಗಳು ರಾಜಕೀಯವನ್ನು ಮಾತನಾಡಬಾರದು ಎನ್ನುವುದು ಸರಿಯಲ್ಲ. 18 ತುಂಬಿದೊಡನೆ ಮತ ಹಾಕಬೇಕಾದವರು ಅವರು. ಆದರೆ ಓದಿ ಬರೆದ ಮಾತು ಬೇರೆ, ಸಿಟ್ಟಿನಲ್ಲಿ ಮುಂದಕ್ಕೆ ತಳ್ಳಿದ ಮಾತು ಬೇರೆ. ಅಳಿಸಿದ ಮಾತೂ ಯಾರದೋ ಫೋನಿನಲ್ಲಿ ಚಿತ್ರವಾಗಿ ಉಳಿದಿರುತ್ತದೆ. ಇನ್ನೊಂದು ಸಮುದಾಯವನ್ನು ಹೀಯಾಳಿಸುವ ಒಂದು ಸಾಲು ಅನೇಕಾಂತದ ಮಕ್ಕಳ ಹೆಸರಿನಲ್ಲಿ ಉಳಿಯಬಾರದು. ಯಾವ ದೃಷ್ಟಿಯಿಂದ ಹೇಳುತ್ತಿದ್ದೇನೆ, ಎದುರಿನವರ ದೃಷ್ಟಿ ಯಾವುದು ಎಂದು ಬರೆಯುವ ಮುನ್ನ ಕೇಳಿಕೊಳ್ಳುವುದೇ ನಯವಿಚಾರ.

ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಪಾಲಕರೂ ಮಕ್ಕಳೂ ಒಟ್ಟಿಗೆ ಕುಳಿತು ಆ ಮಗುವಿನ ಹೆಸರನ್ನು ಜಾಲದಲ್ಲಿ ಹುಡುಕಿ ನೋಡಲಿ. ಹೆಚ್ಚಾಗಿ ಹೇಳಿದ್ದನ್ನು ತಗ್ಗಿಸಲಿ, ಬಿಟ್ಟುಹೋದ ಗೆಳೆಯರ ಹೆಸರನ್ನು ಸೇರಿಸಲಿ, ನೋವುಂಟುಮಾಡಿದ ಮಾತನ್ನು ತೆಗೆದು ಆ ವ್ಯಕ್ತಿಯ ಕ್ಷಮೆ ಕೇಳಲಿ. ಮಗುವನ್ನು ಕೇಳದೆ ತಾವು ಹಾಕಿದ ಚಿತ್ರಗಳಿದ್ದರೆ ಪಾಲಕರೂ ಮಗುವಿನ ಕ್ಷಮೆ ಕೇಳಲಿ. ಜಾಲದ ಪುಟಕ್ಕೂ ಪ್ರತಿಕ್ರಮಣ ಬೇಕು.

ಆ ಮೇಲೆ ಉಳಿಯುವುದು ಒಂದು ಹೆಸರು, ಒಂದು ಕೆಲಸ, ನಡುವೆ ಒಂದು ನಿಜವಾದ ಕ್ರಿಯಾಪದ. ವಿಂಧ್ಯಗಿರಿಯ ಆ ಸಾಲಿನಲ್ಲಿಯೂ ಇರುವುದು ಅಷ್ಟೇ.

ಜಯ ಜಿನೇಂದ್ರ.